ಆಣೆ ಮಾಡಿಸಿದ ಅಯ್ಯನವರು

ಗಾಣಿಗರ ಮನೆಯ ಹುಡುಗ ಬಿ.ಎ. ಆಗುವುದು ಆಗದ ಮಾತು ಎಂದವರು ಬೇರೆ ಯಾರೂ ಅಲ್ಲ, ನನ್ನ ಕೈ ಹಿಡಿದು ಮರಳಿನ ಮೇಲೆ ಮೊದಲ ಅಕ್ಷರ ತಿದ್ದಿಸಿದ ನಮ್ಮೂರ ಅಯ್ಯನವರೇ. ಸಿಟ್ಟಿನಲ್ಲಿ ಆಡಿದ ಮಾತೂ ಅಲ್ಲ ಅದು. ಹುಬ್ಬಳ್ಳಿಯಿಂದ ಊರಿಗೆ ನಡೆದು ಬರುವಾಗ, ಕೊಡೆಯನ್ನು ಬಗಲಿಗೆ ಸಿಕ್ಕಿಸಿಕೊಂಡು, ನಾಳೆ ಮಳೆ ಬರಲಿಕ್ಕಿಲ್ಲ ಎನ್ನುವ ಧಾಟಿಯಲ್ಲಿ ಅಂದರು.

ಅವರು ಹೋದ ತಿಂಗಳು ಲಿಂಗೈಕ್ಯರಾದರು. ಊರಿನ ಹಿರಿಯರಿಬ್ಬರು ನಾನು ಮಾಸ್ತರಿಕೆ ಮಾಡುವ ಹೈಸ್ಕೂಲಿಗೆ ಬಂದು, ಸಭೆ ಇಟ್ಟುಕೊಂಡಿದ್ದೇವೆ, ಅವರ ಶಿಷ್ಯರಲ್ಲಿ ನೀನೇ ಮೊದಲ ಗ್ರಾಜುಯೇಟ, ನಾಲ್ಕು ಮಾತು ನೀನೇ ಆಡಬೇಕು ಎಂದರು. ಹೋದೆ. ಅವರ ಅಕ್ಷರ ಮುತ್ತು ಪೋಣಿಸಿದಂತಿತ್ತು ಎಂದೆ. ಯಾರ ಹತ್ತಿರವೂ ಫೀ ಕೇಳಿದವರಲ್ಲ ಎಂದೆ. ಕೂತುಬಿಟ್ಟೆ. ಎರಡೂ ಖರೆಯೇ. ಆದರೆ ಆಡಬೇಕಾದದ್ದು ಬೇರೆ ಇತ್ತು. ಅದನ್ನು ಇಲ್ಲಿ ಬರೆದಿಡುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಅಂಥವರು ಆಗ ಊರಿಗೊಬ್ಬರಿದ್ದರು. ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ಪಾರಾಗಿಬಿಡುತ್ತಾರೆ.

ನಮ್ಮೂರು ಬೈರಿದೇವರಕೊಪ್ಪದ ಆಚೆಗೆ, ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇದೆ. ಎರಡು ಊರಿಗೂ ನಡೆದೇ ಹೋಗುತ್ತಿದ್ದೆವು. ಊರ ಮಠದ ಕಟ್ಟೆಯ ಮೇಲೆ ಅಯ್ಯನವರ ಸಾಲಿ. ಸರಕಾರದ ಸಾಲಿಯಲ್ಲ, ಅವರದೇ. ಬೆಳಗಿನ ಪೂಜೆ ಮುಗಿಸಿ, ಹಣೆಗೆ ಮೂರು ಎಳೆ ವಿಭೂತಿ ಹಚ್ಚಿಕೊಂಡು ಬಂದು ಕೂತರೆಂದರೆ ಓಣಿಯಲ್ಲಿ ಜಗಳವಾಡುವ ಹೆಂಗಸರೂ ದನಿ ಇಳಿಸುತ್ತಿದ್ದರು. ಸಂಸಾರವಂದಿಗರಲ್ಲ. ವಾರದ ಏಳು ದಿನ ಏಳು ಮನೆಗಳಲ್ಲಿ ಊಟ. ನಮ್ಮ ಮನೆಯ ಸರದಿ ಮಂಗಳವಾರ. ಅವ್ವ ಅಂದು ರೊಟ್ಟಿಯನ್ನು ಕಾಗದದ ಹಾಗೆ ತೆಳ್ಳಗೆ ಬಡಿಯುತ್ತಿದ್ದಳು. ಆದರೂ ಅವರು ಒಂದನ್ನು ಬೆಳಕಿಗೆ ಹಿಡಿದು ನೋಡಿ, ಇದರ ಹಿಂದೆ ಕೂತವರ ಮುಖ ಇನ್ನೂ ಕಾಣವಲ್ಲದಲ್ಲ ಎಂದು ಕಾಡುತ್ತಿದ್ದರು. ಅವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಜಂಗಮರು ನಮ್ಮ ಮನೆಯಲ್ಲಿ ತಮಾಷೆ ಮಾಡಿ ಉಣ್ಣುವುದು ಅವಳಿಗೆ ದೊಡ್ಡ ಸಂಪತ್ತಾಗಿತ್ತು.

ನನಗೆ ಏಳು ವರ್ಷವಾದಾಗ ಸಾಲಿ ಬಿಡುವ ಹೊತ್ತು ಬಂದಿತ್ತು. ಗಾಣದ ಎತ್ತು ತಿರುಗುವಾಗ ಅದರ ಹಿಂದೆ ಒಬ್ಬರು ಇರಬೇಕು, ಇಲ್ಲದಿದ್ದರೆ ನಿಂತುಬಿಡುತ್ತದೆ. ಅಪ್ಪ ನನ್ನನ್ನು ಗಾಣಕ್ಕೆ ಹಚ್ಚಿದ. ಮೂರು ದಿನ ನಾನು ಕಾಣದ್ದಕ್ಕೆ ಅಯ್ಯನವರು ಹುಡುಕಿಕೊಂಡು ಬಂದರು. ನನ್ನ ಕೈಯಿಂದ ಬಾರುಕೋಲು ತೆಗೆದುಕೊಂಡು, ಮಡಿಯ ಧೋತರದಲ್ಲೇ ಗಾಣದ ಹಲಗೆಯ ಮೇಲೆ ಕೂತು ಎತ್ತು ಹೊಡೆಯತೊಡಗಿದರು. ಅಪ್ಪ ಓಡಿ ಬಂದು ಕಾಲು ಹಿಡಿದರೆ ಅವರು ಅಂದದ್ದು ಇಷ್ಟು:

"ಈರಪ್ಪಾ, ಎತ್ತಿನ ಕಣ್ಣು ಕಟ್ಟೀದಿ, ಅದು ಖರೆ. ಮಗನ ಕಣ್ಣೂ ಕಟ್ಟಬೇಕೇನು?"

ಅಂದಿನಿಂದ ಅಪ್ಪ ನನಗೆ ಗಾಣ ಮುಟ್ಟಿಸಲಿಲ್ಲ. ನನ್ನ ಓದಿಗೆ ಮೂಲ ಅದೇ. ಇದನ್ನು ಮುಚ್ಚಿಟ್ಟು ಮುಂದಿನದನ್ನು ಬರೆದರೆ ನಾನು ಸುಳ್ಳುಗಾರ.

ಅಯ್ಯನವರು ಸುಳ್ಳು ಹೇಳಿದ್ದನ್ನು ಊರು ಕಂಡಿರಲಿಲ್ಲ. ಹೊಲದ ಬದುವಿನ ತಂಟೆ ಬಂದರೆ ಎರಡೂ ಕಡೆಯವರು ಅವರ ಮುಂದೆ ಕೂಡುತ್ತಿದ್ದರು. ಅವರು ತಮ್ಮ ವಿಭೂತಿ ಗಟ್ಟಿಯನ್ನು ಬಟ್ಟೆಯಿಂದ ಬಿಚ್ಚಿ ನಡುವೆ ಇಟ್ಟರೆ ಸಾಕು, ಸುಳ್ಳು ಹೇಳಲು ಬಂದವನ ನಾಲಿಗೆ ಅಲ್ಲೇ ಒಣಗುತ್ತಿತ್ತು. ಆ ಗಟ್ಟಿಯನ್ನು ಅವರೇ ಕಟ್ಟುತ್ತಿದ್ದರು. ಬೆರಣಿ ಸುಟ್ಟು, ಬೂದಿ ಸೋಸಿ, ನೀರಲ್ಲಿ ಕಲಸಿ, ಅಂಗೈಯಲ್ಲಿ ಉಂಡೆ ಮಾಡಿ ನೆರಳಿಗೆ ಒಣಗಿಸುವುದು. ಅಕ್ಷರ ತಪ್ಪಿದರೆ ಅಳಿಸಿ ಬರೆಯಬಹುದು, ಆಣೆ ತಪ್ಪಿದರೆ ಅಳಿಸುವ ಅರಿವೆಯ ತುಂಡು ಯಾರ ಹತ್ತಿರವೂ ಇಲ್ಲ ಎಂದು ನಮಗೆ ಹೇಳುತ್ತಿದ್ದರು. ಊರಿನ ಈ ನಂಬಿಕೆಯನ್ನು ಹುಬ್ಬಳ್ಳಿಯ ಒಬ್ಬ ಸಾಹುಕಾರ ಕಣ್ಣಿಟ್ಟು ನೋಡಿದ್ದ. ಅರಳೆ ವ್ಯಾಪಾರದವನಿಗೆ ಯಾವ ಊರಲ್ಲಿ ಏನು ಬೆಳೆಯುತ್ತದೆಂದು ಗೊತ್ತಿರುತ್ತದೆ.

ನಾನು ಮ್ಯಾಟ್ರಿಕ್ ಪಾಸಾದ ವರ್ಷ ಜಿಲ್ಲಾ ಲೋಕಲ್ ಬೋರ್ಡಿನ ಚುನಾವಣೆ ಬಂತು. ರಸ್ತೆ, ಬಾವಿ, ಸಾಲಿ ಎಲ್ಲ ಆ ಬೋರ್ಡಿನ ಕೈಯಲ್ಲಿ. ಸಾರಾ, ಅಂದರೆ ಹೊಲದ ಕಂದಾಯ, ಕಟ್ಟುವವರಿಗೆ ಮಾತ್ರ ಓಟು. ನಮಗೊಂದು ತುಂಡು ಹೊಲವಿತ್ತು, ಹಾಗಾಗಿ ಅಪ್ಪನಿಗೂ ಓಟಿತ್ತು. ಒಂದು ಕಡೆ ಈ ಸಾಹುಕಾರ. ಇನ್ನೊಂದು ಕಡೆ ಅಮ್ಮಿನಬಾವಿಯ ಕಡೆಯವರಾದ, ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದ ಒಬ್ಬರು. ನಮ್ಮ ಹೊಲದ ದಾವೆಯನ್ನು ಒಂದು ಬಿಡಿಗಾಸು ಮುಟ್ಟದೆ ನಡೆಸಿಕೊಟ್ಟವರು ಅವರು. ಅಪ್ಪ ಅವರ ಕೈಯಲ್ಲಿ ಕೈಯಿಟ್ಟು, ನನ್ನ ಓಟು ನಿಮಗೇ ಎಂದು ಬಂದಿದ್ದ.

ಸಾಹುಕಾರ ಭಾಷಣ ಮಾಡಲಿಲ್ಲ, ಹಾಳೆ ಹಂಚಲಿಲ್ಲ. ಒಂದು ಬುಟ್ಟಿ ಬಾಳೆಹಣ್ಣು ಹೊರಿಸಿಕೊಂಡು ಮಠಕ್ಕೆ ಬಂದ, ಅಯ್ಯನವರ ಪಾದಕ್ಕೆ ಹಣೆ ಹಚ್ಚಿದ, ನಿಮ್ಮ ಸಾಲಿಗೆ ಬೋರ್ಡಿನಿಂದ ಮಂಜೂರಿ ಮಾಡಿಸುತ್ತೇನೆ ಎಂದ, ಎದ್ದು ಹೋದ. ಮರುದಿನದಿಂದ ಅಯ್ಯನವರು ಅವನ ಇಬ್ಬರು ಆಳುಗಳನ್ನು ಹಿಂದಿಟ್ಟುಕೊಂಡು ಓಟಿದ್ದವರ ಮನೆ ಮನೆ ಹೊಕ್ಕರು.

ಆಣೆಯ ರೀತಿ ಹೀಗೆ. ಆಣೆ ಮಾಡುವವನ ಎಡಗೈಯಲ್ಲಿ ವಿಭೂತಿ ಗಟ್ಟಿ, ಅದರ ಮೇಲೆ ಒಂದು ಬಿಲ್ವಪತ್ರೆ. ಬಲಗೈ ಎದೆಯ ಮೇಲಿನ ಲಿಂಗದ ಮೇಲೆ. ಓಟು ಯಾರಿಗೆಂದು ಮೂರು ಸಲ ಹೇಳಬೇಕು. ಒಬ್ಬ ಜಾಣ ಬಾಯಲ್ಲಿ ತಾಂಬೂಲ ತುಂಬಿಕೊಂಡು ಗುಳುಗುಳು ಎಂದ. ಅಯ್ಯನವರು ಕಾದು ನಿಂತು, ಅವನಿಂದ ಉಗುಳಿಸಿ, ಬಾಯಿ ತೊಳೆಸಿ, ಮತ್ತೆ ಮೊದಲಿಂದ ಹೇಳಿಸಿದರು. ಇನ್ನೊಬ್ಬ ಹೊಲದ ಗುಡಿಸಲಲ್ಲಿ ಅಡಗಿದ. ಹೆಂಡತಿ ಬಾಗಿಲಿಗೆ ಬಂದು, ಗಬ್ಬೂರಿಗೆ ಬೀಗರ ಮನೆಗೆ ಹೋಗಿದ್ದಾರೆ ಎಂದಳು. ಅಯ್ಯನವರು ಅವಳ ಕಟ್ಟೆಯ ಮೇಲೆ ಕೂತರು. ಉಣ್ಣಲಿಲ್ಲ, ನೀರು ಕುಡಿಯಲಿಲ್ಲ. ಜಂಗಮ ಹಸಿದು ಬಾಗಿಲಲ್ಲಿ ಕೂತಿರುವಾಗ ಮನೆಯವರು ಒಳಗೆ ಒಲೆ ಹಚ್ಚುವಂತಿಲ್ಲ, ಮಕ್ಕಳ ಬಾಯಿಗೂ ತುತ್ತು ಇಡುವಂತಿಲ್ಲ. ಹೊತ್ತು ಇಳಿಯುವುದರೊಳಗೆ ಆ ಹೆಂಗಸೇ ಹೊಲಕ್ಕೆ ಹೋಗಿ ಗಂಡನನ್ನು ಕರೆತಂದಳು.

ಪಕ್ಕದ ಮನೆಯ ಹುಸೇನಸಾಬ ಕಾಕಾ ಅರಳೆ ಹಿಂಜುವವನು, ಅಪ್ಪನ ಜೀವದ ಗೆಳೆಯ. ಮುಸಲ್ಮಾನರಿಗೆ ಆಗ ಬೇರೆ ಸೀಟು, ಬೇರೆ ಓಟು. ಅವನು ತನ್ನ ಬಿಲ್ಲು ಮೀಟುತ್ತಾ ಕೂತಲ್ಲಿಂದಲೇ ನನಗೆ ಅಂದ:

"ಏನೋ ತಮ್ಮಾ, ನಿಮ್ಮ ದೇವರಿಗೆ ಈ ವಾರ ಪುರಸೊತ್ತಽ ಇಲ್ಲ ನೋಡು. ಬೋರ್ಡಿನ ಕೆಲಸಕ್ಕ ಹಚ್ಯಾರ."

"ನಿಮ್ಮ ಕಡೆ ಹ್ಯಾಂಗೈತಿ ಕಾಕಾ?"

"ನಮ್ಮ ಕಡೆ ಏನು, ಅದಽ ಹಾಡು. ದರ್ಗಾದ ಹಸರು ಬಟ್ಟಿ ಮುಟ್ಟಿ ಆಣಿ ಮಾಡಿ ಬಂದೇನಿ. ನಮಗ ಬಾಳಿಹಣ್ಣಿಲ್ಲ, ಬರೇ ಸಕ್ಕರಿ."

ಮಂಗಳವಾರ ಬಂತು. ನಮ್ಮ ಸರದಿ. ಅಯ್ಯನವರು ಯಾವತ್ತಿನಂತೆ ಬಂದರು, ಕಾಲು ತೊಳೆಸಿಕೊಂಡರು, ಮಣೆಯ ಮೇಲೆ ಕೂತರು. ಅವ್ವ ತಾಟು ಇಟ್ಟಳು. ಅವರು ರೊಟ್ಟಿಯನ್ನು ಬೆಳಕಿಗೆ ಹಿಡಿಯಲಿಲ್ಲ. ಬಟ್ಟೆ ಬಿಚ್ಚಿ ಗಟ್ಟಿಯನ್ನು ತಾಟಿನ ಪಕ್ಕದಲ್ಲಿಟ್ಟರು.

"ಈರಪ್ಪಾ, ಕೈ ಹಿಡಿ."

"ಮೊದಲ ಊಟಾ ಮಾಡ್ರಿ ಅಯ್ಯಾರ. ರೊಟ್ಟಿ ಆರತಾವು."

"ಆರಲಿ."

"ನಾ ವಕೀಲ ಸಾಹೇಬರಿಗೆ ಮಾತು ಕೊಟ್ಟೇನ್ರಿ."

"ಮಾತು ನಾಲಿಗೀದು. ಆಣಿ ಲಿಂಗದ್ದು. ಯಾವುದು ದೊಡ್ಡದು, ನೀನಽ ಹೇಳು."

ಅಪ್ಪ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ. ಆಗ ಅಯ್ಯನವರು ನನ್ನ ಕಡೆ ನೋಡಿದರು. ಧಾರವಾಡದಲ್ಲಿ ಒಂದು ಧರ್ಮಾರ್ಥ ಬೋರ್ಡಿಂಗಿತ್ತು. ಅಲ್ಲಿ ಜಾಗ ಸಿಕ್ಕರೆ ಊಟ ವಸತಿ ಬಿಟ್ಟಿ, ಕಾಲೇಜು ಕೈಗೆಟುಕಿದಂತೆ. ಸಿಗದಿದ್ದರೆ ನಮ್ಮಂಥವರಿಗೆ ಕಾಲೇಜು ಎಂದರೆ ಗುಡ್ಡದ ಮೇಲೆ ದೂರದಿಂದ ನೋಡುವ ಕಟ್ಟಡ. ಆ ಬೋರ್ಡಿಂಗಿನ ಪಂಚರಲ್ಲಿ ಸಾಹುಕಾರನೂ ಒಬ್ಬ.

"ಹುಡುಗ ಮ್ಯಾಟ್ರಿಕ್ ಆಗ್ಯಾನ. ಬೋರ್ಡಿಂಗಿನ ಚೀಟಿ ಸಾಹುಕಾರರ ಕೈಯಾಗ ಐತಿ. ನಾ ಒಂದ ಮಾತು ಅಂದ್ರ ಅವರು ಇಲ್ಲ ಅನ್ನೂದಿಲ್ಲ. ಎತ್ತಿನ ಹಿಂದಿಂದ ಇವನ್ನ ಎಬ್ಬಿಸಿದಾಂವ ನಾನು. ಈಗ ನಡುನೀರಾಗ ಬಿಡಲ್ಯಾ?"

ಅಪ್ಪ ಕೈ ಚಾಚಿದ. ಎಣ್ಣೆಯ ಕೈ. ಎಷ್ಟು ತೊಳೆದರೂ ಹೋಗದ ಎಣ್ಣೆ, ಗಟ್ಟಿಯ ಅಡಿಗೆ ಕಪ್ಪಾಗಿ ಅಂಟಿತು. ಮೂರು ಸಲ ಹೆಸರು ಹೇಳಿದ. ಅಯ್ಯನವರು ಗಟ್ಟಿಯನ್ನು ಒರೆಸಿ ಕಟ್ಟಿಕೊಂಡು ಊಟಕ್ಕೆ ಕೈ ಹಚ್ಚಿದರು. ತಣ್ಣಗಾದ ರೊಟ್ಟಿಯನ್ನು ಒಂದೂ ಉಳಿಸದೆ ಉಂಡರು. ನಾನು ಅಲ್ಲೇ ನಿಂತಿದ್ದೆ. ನಾಚಿಕೆಯ ಮಾತೆಂದರೆ, ನನಗೆ ಆಗ ಖುಷಿಯೇ ಆಗಿತ್ತು.

ಓಟಿನ ದಿನ ಚಾವಡಿಯಲ್ಲಿ ಅಧಿಕಾರಿ ಕೂತಿದ್ದ. ಬರೆಯಲು ಬಾರದವರು ಹೆಸರು ಹೇಳಬೇಕು, ಅವನು ಚೀಟಿಗೆ ಗುರುತು ಹಾಕಿಕೊಡುತ್ತಾನೆ. ಅಯ್ಯನವರು ಸಾಹುಕಾರನ ಪರವಾಗಿ ಬಾಗಿಲ ಪಕ್ಕದಲ್ಲೇ ಕೂತಿದ್ದರು. ಅವರು ಯಾರಿಗೂ ಏನೂ ಹೇಳಲಿಲ್ಲ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ತೊಡೆಯ ಮೇಲೆ ಆ ಬಟ್ಟೆಯ ಗಂಟು. ಬಂದವರು ಒಮ್ಮೆ ಆ ಗಂಟು ನೋಡಿ ಒಳಗೆ ಹೋಗುತ್ತಿದ್ದರು. ಹೊರಗೆ ರಸ್ತೆಯಲ್ಲಿ ವಕೀಲರು ನಿಂತು ಎಲ್ಲರಿಗೂ ಕೈ ಮುಗಿಯುತ್ತಿದ್ದರು. ಅಪ್ಪನನ್ನು ಕಂಡು, ಬರ್ರಿ ಈರಪ್ಪನವರ ಎಂದರು. ಓಟು ಹಾಕಿದ ಮೇಲೆ ಅಪ್ಪ ಮುಂದಿನ ಬಾಗಿಲಿಂದ ಹೊರಗೆ ಬರಲಿಲ್ಲ. ಚಾವಡಿಯ ಹಿಂದಿನ ಗೋಡೆ ಹಾರಿ, ಹೊಲದೊಳಗಿಂದ ಮನೆಗೆ ಬಂದ. ಐವತ್ತು ದಾಟಿದ ಮನುಷ್ಯ. ಮೊಣಕಾಲು ತರಚಿತ್ತು.

ಸಾಹುಕಾರ ಗೆದ್ದ. ಮೋಟಾರಿನಲ್ಲಿ ಬಂದು ಗುಡಿಗೆ ಕಾಯಿ ಒಡೆಸಿ ಹೋದ. ಕಾಲೇಜು ತೆರೆಯುವ ದಿನ ಸಮೀಪಿಸಿತು. ಅಯ್ಯನವರು ತಮ್ಮ ಮಾತಿನಂತೆ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಗೆ ನಡೆದರು. ಅರಳೆ ಪೇಟೆಯ ಅವನ ಅಂಗಡಿಯ ಮುಂದೆ ಮೂರು ದಿನ ಕೂತೆವು. ಎರಡು ದಿನ ಗುಮಾಸ್ತರು, ಸಾಹುಕಾರರು ಇಲ್ಲ ಎಂದರು. ಅವನ ನಗು ಒಳಗಿಂದ ನಮಗೆ ಕೇಳುತ್ತಿತ್ತು. ಅಯ್ಯನವರು ಆ ಮೂರೂ ದಿನ ಅಲ್ಲಿ ಏನೂ ಉಣ್ಣಲಿಲ್ಲ. ಆದರೆ ಅಂಗಡಿಯ ಬಾಗಿಲಲ್ಲಿ ಜಂಗಮ ಹಸಿದು ಕೂತಿದ್ದಾನೆಂದು ಯಾರ ಊಟವೂ ನಿಲ್ಲಲಿಲ್ಲ. ಗುಮಾಸ್ತರು ನಮ್ಮ ಎದುರಿಗೇ ಡಬ್ಬಿ ಬಿಚ್ಚಿ ಉಂಡರು. ಮೂರನೆಯ ದಿನ ಸಾಹುಕಾರ ಹೊರಗೆ ಬಂದು, ಈ ಸಲ ಜಾಗ ತುಂಬಿವೆ, ಮುಂದಿನ ವರ್ಷ ನೋಡೋಣ ಎಂದು, ಅಯ್ಯನವರ ಕಾಲಿಗೆ ಬಾಗಿ, ಮೋಟಾರು ಹತ್ತಿದ. ಜಾಗ ಸಿಕ್ಕದ್ದು ಅವನ ಅರಳೆ ಮಾರಿಕೊಡುವ ಅಡತಿಯವನ ಮಗನಿಗೆ ಎಂದು ಆಮೇಲೆ ತಿಳಿಯಿತು.

ತಿರುಗಿ ಬರುವಾಗ ಉಣಕಲ್ಲಿನ ಕೆರೆಯ ಏರಿಯ ತನಕ ನಡೆದೆವು. ಅಲ್ಲಿ ನಾನು ಕೇಳಿಯೇಬಿಟ್ಟೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಅಯ್ಯಾರ, ಊರ ಮಂದಿ ಕೈಯಾಗೆಲ್ಲ ವಿಭೂತಿ ಇಟ್ರಿ. ಸಾಹುಕಾರರ ಕೈಯಾಗ ಯಾಕ ಇಡಲಿಲ್ರಿ?"

ಅವರು ನಿಂತರು. ನನ್ನನ್ನಲ್ಲ, ಕೆರೆಯನ್ನು ನೋಡಿದರು. ಅಂದರು:

"ಅದು ನನಗ ಹೊಳೀಲಽ ಇಲ್ಲ ತಮ್ಮಾ."

ಸುಳ್ಳು ಹೇಳಿದ್ದರೆ ನನಗೆ ಇಷ್ಟು ಕಹಿಯಾಗುತ್ತಿರಲಿಲ್ಲ. ಅವರು ಹೇಳಿದ್ದು ಖರೆಯೇ. ಊರಿನ ಕೈಗಳೆಲ್ಲ ಆಣೆಗೆ ತಕ್ಕ ಕೈಗಳು, ಆ ಒಂದು ಕೈ ಮಾತ್ರ ಅಲ್ಲ ಎನ್ನುವುದು ಅವರಿಗೆ ಯೋಚಿಸಿ ತಿಳಿದ ಸಂಗತಿಯಲ್ಲ; ಉಸಿರಿನ ಹಾಗೆ ಒಳಗೇ ಇತ್ತು. ಸ್ವಲ್ಪ ದೂರ ನಡೆದ ಮೇಲೆ, ಹೊಳೆದಿದ್ದರೂ ಇಡುತ್ತಿರಲಿಲ್ಲ, ಕೊಡುವವರ ಕೈಗೆ ಯಾರು ಆಣೆ ಇಡುತ್ತಾರೆ ಎಂದರು. ಆಮೇಲೆಯೇ ಅವರು ಕೊಡೆಯನ್ನು ಬಗಲಿಗೆ ಸಿಕ್ಕಿಸಿಕೊಂಡದ್ದು, ಗಾಣಿಗರ ಮನೆಯಲ್ಲಿ ಬಿ.ಎ. ಆಗುವುದು ಆಗದ ಮಾತು, ಮ್ಯಾಟ್ರಿಕ್ ಆಗಿದ್ದೀಯಲ್ಲ, ಊರ ಲೆಕ್ಕ ಬರೆಯುವ ತಲಾಟಿ ಆಗು ಎಂದದ್ದು.

ನನಗೆ ಇನ್ನೊಂದು ಬಾಗಿಲಿತ್ತು. ವಕೀಲರು ದೊಡ್ಡ ಮನಸ್ಸಿನವರು, ಕೇಳಿದರೆ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರೋ ಏನೋ. ಅಪ್ಪ ಒಪ್ಪಲಿಲ್ಲ. ಯಾವ ಮುಖ ಹೊತ್ತು ಹೋಗುತ್ತೀ ಎಂದ. ಅಪ್ಪ ಧಾರವಾಡಕ್ಕೆ ಎಣ್ಣೆ ಮಾರಲು ಹೋದಾಗಲೂ ಅವರ ಓಣಿ ತಪ್ಪಿಸಿ, ತಲೆಯ ಮೇಲೆ ಕೊಡ ಹೊತ್ತು ಅರ್ಧ ಊರು ಸುತ್ತುತ್ತಿದ್ದ. ಒಂದು ಆಣೆಯಿಂದ ಒಂದು ಬಾಗಿಲು ತೆರೆಯಲಿಲ್ಲ, ತೆರೆದಿದ್ದ ಬಾಗಿಲೂ ಮುಚ್ಚಿತು.

ಎರಡು ವರ್ಷ ಹುಬ್ಬಳ್ಳಿಯ ಜಿನ್ನಿಂಗ್ ಕಾರಖಾನೆಯಲ್ಲಿ ಅರಳೆಯ ಗಂಟು ತೂಗಿದೆ. ಮೂಗು ಬಾಯಿಯೆಲ್ಲ ಧೂಳು. ಆಮೇಲೆ ಧಾರವಾಡದ ಒಂದು ಖಾನಾವಳಿಯಲ್ಲಿ ಬಡಿಸುವ, ತಾಟು ತೊಳೆಯುವ ಕೆಲಸ ಹಿಡಿದು ಕಾಲೇಜು ಸೇರಿದೆ. ಕ್ಲಾಸಿನಲ್ಲಿ ನನ್ನ ಪಕ್ಕ ಕೂತವರಿಗೇ ಹೊತ್ತಿಗೆ ಸರಿಯಾಗಿ ಸಾರು ಬಡಿಸುತ್ತಿದ್ದೆ. ಕೆಲವರು ಖಾನಾವಳಿಯಲ್ಲಿ ನನ್ನನ್ನು ಗುರುತಿಸುತ್ತಿರಲಿಲ್ಲ, ಕೆಲವರು ಕ್ಲಾಸಿನಲ್ಲಿ. ಇಂಟರ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾದೆ. ಮತ್ತೆ ಕಟ್ಟಿದೆ. ನಾನು ಬಿ.ಎ. ಆದದ್ದು ಯಾರ ಚೀಟಿಯಿಂದಲೂ ಅಲ್ಲ. ಈ ಮಾತನ್ನು ಜಂಬ ಎಂದು ಯಾರಾದರೂ ಅಂದರೆ ಅನ್ನಲಿ.

ಆ ವರ್ಷಗಳಲ್ಲಿ ಅಯ್ಯನವರಿಗೆ ಏನಾಯಿತೆಂಬುದನ್ನೂ ಹೇಳಬೇಕು. ಅವರ ಸಾಲಿಗೆ ಮಂಜೂರಿ ಬರಲಿಲ್ಲ. ಬೋರ್ಡು ಊರಲ್ಲಿ ತನ್ನದೇ ಸಾಲಿ ತೆರೆಯಿತು, ಸಾಹುಕಾರನ ಸಂಬಂಧಿಕರ ಜಾಗದಲ್ಲಿ. ಅಲ್ಲಿ ಬೆಂಚು, ಕರಿಹಲಗೆ, ಪಗಾರದ ಮಾಸ್ತರು. ಮಠದ ಕಟ್ಟೆ ಬರಿದಾಯಿತು. ಮರಳಿನ ಹಲಗೆಗಳನ್ನು ಅಯ್ಯನವರು ಅಟ್ಟಕ್ಕೆ ಹಾಕಿದರು. ಇಷ್ಟಾದ ಮೇಲೂ ಅವರು ಸಾಹುಕಾರನನ್ನು ಬಿಡಲಿಲ್ಲ. ಯಾಕೆಂದು ನಾನು ಬಹಳ ಯೋಚಿಸಿದ್ದೇನೆ. ಅಕ್ಷರ ಕೇಳಲು ಅವರ ಹತ್ತಿರ ಇನ್ನು ಯಾರೂ ಬರುತ್ತಿರಲಿಲ್ಲ. ಆಣೆ ಕೇಳಲು ಮಾತ್ರ ಬರುತ್ತಿದ್ದರು. ಕರೆಯುವವರಿದ್ದ ಕಡೆಗೆ ಹೋದರು, ಅಷ್ಟೇ.

ಎರಡನೆಯ ಮಹಾಯುದ್ಧ ಸುರುವಾಗುವ ಹಿಂದಿನ ವರ್ಷ ಮುಂಬಯಿ ಯುನಿವರ್ಸಿಟಿಯಿಂದ ನನ್ನ ಬಿ.ಎ. ಸರ್ಟಿಫಿಕೇಟು ಬಂತು. ದಪ್ಪ ಕಾಗದ, ಕೆಳಗೆ ಮುದ್ರೆ. ಅದನ್ನು ತೆಗೆದುಕೊಂಡು ಊರಿಗೆ ಹೋದೆ. ಹುಸೇನಸಾಬ ಕಾಕಾ ಕೈ ತೊಳೆದು ಬಂದು ನೋಡಿ, ಇಷ್ಟು ವರ್ಷ ತಾಟು ತೊಳೆದದ್ದಕ್ಕೆ ಕಾಗದ ದೊಡ್ಡದೇ ಕೊಟ್ಟಿದ್ದಾರೆ ಎಂದ. ನಾವು ನಗುತ್ತಿದ್ದಾಗಲೇ ಅಯ್ಯನವರು ಬಂದರು. ನೋಡಲು ಬಂದಿದ್ದಾರೆಂದುಕೊಂಡೆ. ಎದ್ದು ಕಾಲು ಮುಟ್ಟಿದೆ. ಅವರು ಬಡವಾಗಿದ್ದರು, ರುದ್ರಾಕ್ಷಿಯ ಸರ ಎದೆಯೆಲುಬಿನ ಮೇಲೆ ಸಪ್ಪಳ ಮಾಡುತ್ತಿತ್ತು. ಸರ್ಟಿಫಿಕೇಟನ್ನು, ಆಗದ ಮಾತು ಎಂದವರ ಕೈಯಲ್ಲೇ ಇಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ, ಇಟ್ಟೆ. ಇಂಗ್ಲಿಷು ಅವರಿಗೆ ಬರುತ್ತಿರಲಿಲ್ಲ. ಆದರೂ ಪ್ರತಿ ಸಾಲಿನ ಕೆಳಗೂ ಬೆರಳಾಡಿಸಿದರು, ನಮಗೆ ಓದಿಸುವಾಗ ಆಡಿಸುತ್ತಿದ್ದಂತೆ.

"ಬರೋಬ್ಬರಿ ಮಾಡಿದಿ. ನನ್ನ ಮಾತು ಸುಳ್ಳು ಮಾಡಿದಿ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅಷ್ಟಕ್ಕೇ ಎದ್ದು ಹೋಗಿದ್ದರೆ ಈ ಬರಹ ಬೇರೆಯಾಗುತ್ತಿತ್ತು.

ಸಾಹುಕಾರನ ಆಳುಗಳಿಬ್ಬರು ಹೊರಗೆ ನಿಂತದ್ದು ಆಗ ಕಂಡಿತು. ಮತ್ತೆ ಚುನಾವಣೆ. ಈಗ ಸಾರಾ ಕಟ್ಟುವವರ ಜೊತೆಗೆ ಪರೀಕ್ಷೆ ಪಾಸಾದವರಿಗೂ ಓಟು ಬಂದಿತ್ತು, ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಅಯ್ಯನವರು ಸರ್ಟಿಫಿಕೇಟನ್ನು ಮಣೆಯ ಮೇಲೆ ಹಾಸಿದರು. ಬಟ್ಟೆ ಬಿಚ್ಚಿ, ಗಟ್ಟಿಯಿಂದ ಒಂದು ಚಿಟಿಕೆ ಉದುರಿಸಿ, ಮುದ್ರೆಯ ಮೇಲೆ ಇಟ್ಟರು.

"ಓದಿದವರಿಗೆ ಇದಽ ದೇವರು ತಮ್ಮಾ. ಇದರ ಮ್ಯಾಲ ಕೈ ಇಡು. ಹೆಸರು ಹೇಳು."

ಅವರನ್ನು ಬಯ್ಯಲು ಎಷ್ಟೋ ಮಾತು ಕೂಡಿಟ್ಟಿದ್ದೆ, ಇಂಗ್ಲಿಷಿನಲ್ಲಿ ಕೂಡ. ಒಂದೂ ನೆನಪಾಗಲಿಲ್ಲ. ಕಾಗದವನ್ನು ಅಡ್ಡ ಹಿಡಿದು, ಬೂದಿ ಚೆಲ್ಲದಂತೆ ಎತ್ತಿ, ಗಾಣದ ಕಡೆಯಿಂದ ಬಂದು ನಿಂತಿದ್ದ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಆ ಚಿಟಿಕೆ ವಿಭೂತಿಯನ್ನು ಬೆರಳಿನಿಂದ ತೆಗೆದು, ಒಂದು ಕಣವೂ ಕೆಳಗೆ ಬೀಳದಂತೆ, ತನ್ನ ಹಣೆಗೆ ಹಚ್ಚಿಕೊಂಡ. ಸರ್ಟಿಫಿಕೇಟನ್ನು ಎದೆಗೆ ಹಿಡಿದುಕೊಂಡು ಹೇಳಿದ:

"ನಮ್ಮ ಮನ್ಯಾಗ ಆಣಿ ಒಂದಽ ಇತ್ರಿ ಅಯ್ಯಾರ. ಅದನ್ನ ನೀವು ಅವತ್ತಽ ಒಯ್ದೀರಿ."